ಅಕ್ಕಡಿ ಸಾಲಿನ ರಾಗಿ ಹೊಲ: ಹಿರಿಯರ ಪದ್ಧತಿಯನ್ನೂ ಮಣ್ಣು ಪರೀಕ್ಷೆಯ ಸಲಹೆಯನ್ನೂ ಕೂಡಿಸುವುದು ಹೇಗೆ?

ಪ್ರಶ್ನೆ: ಗುಬ್ಬಿ ತಾಲ್ಲೂಕಿನ ಕೃಷಿಕ

ಎಲ್ಲರಿಗೂ ನಮಸ್ಕಾರ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ನಮಗೆ ಮೂರು ಎಕರೆ ಖುಷ್ಕಿ ಜಮೀನಿದೆ. ಮರಳು ಬೆರೆತ ಕೆಂಪು ಮಣ್ಣು. ಕೊಳವೆ ಬಾವಿ ಇಲ್ಲ, ಮಳೆಯೇ ಆಧಾರ. ನಮ್ಮ ತಂದೆಯವರು ರಾಗಿಯನ್ನು ಒಂಟಿ ಬೆಳೆಯಾಗಿ ಬಿತ್ತಿದ್ದನ್ನು ನಾನು ಕಂಡಿಲ್ಲ. ಎತ್ತಿನ ಕೂರಿಗೆ ಮುಂದೆ ಸಾಗುತ್ತಿದ್ದರೆ ಅದರ ಹಿಂದೆ ಸಡ್ಡೆ (ಬೀಜ ಬಿಡುವ ಕೊಳವೆ) ಹಿಡಿದು ಅಕ್ಕಡಿ ಸಾಲಿಗೆ, ಅಂದರೆ ರಾಗಿಯ ನಡುವಿನ ಮಿಶ್ರ ಬೆಳೆಯ ಸಾಲಿಗೆ, ಅವರೆ, ತೊಗರಿ, ಅಲಸಂದೆಯನ್ನು ತಂದೆಯವರೇ ಬಿಡುತ್ತಾರೆ. ನಡುನಡುವೆ ಒಂದಿಷ್ಟು ಜೋಳ, ಹೊಲದ ಅಂಚಿಗೆ ಹುಚ್ಚೆಳ್ಳು ಮತ್ತು ಹರಳು. ಬಿತ್ತನೆಯ ದಿನವನ್ನು ಮಳೆ ನಕ್ಷತ್ರ ನೋಡಿಯೇ ನಿರ್ಧರಿಸುತ್ತಾರೆ.

ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದ ಮೇಲೆ ನಾನು ಮಣ್ಣು ಪರೀಕ್ಷೆ ಮಾಡಿಸಿದೆ. ಸಾವಯವ ಇಂಗಾಲ, ಸತು ಮತ್ತು ಬೋರಾನ್ ಮೂರೂ ಕಡಿಮೆ ಎಂದು ವರದಿ ಬಂತು. ಶಿಫಾರಸಿನ ಪ್ರಮಾಣದಲ್ಲಿ ರಸಗೊಬ್ಬರ ಕೊಟ್ಟು, ಜಿಪಿಯು-28 ಎಂಬ ರಾಗಿ ತಳಿಯನ್ನು ಒಂಟಿ ಬೆಳೆಯಾಗಿ ಬಿತ್ತಿದರೆ ಯಂತ್ರದ ಕಟಾವಿಗೂ ಬೆಂಬಲ ಬೆಲೆಯ ಖರೀದಿಗೂ ಅನುಕೂಲ ಎಂಬ ಸಲಹೆಯೂ ಸಿಕ್ಕಿತು. ತಂದೆಯವರು ಇದನ್ನು ಒಪ್ಪುತ್ತಿಲ್ಲ. ನನಗೆ ಅವರ ಮಾತನ್ನು ತಳ್ಳಿಹಾಕುವ ಮನಸ್ಸಿಲ್ಲ, ವರದಿಯನ್ನು ಬದಿಗಿಡುವುದೂ ಸರಿಯೆನಿಸುವುದಿಲ್ಲ. ಅಕ್ಕಡಿ ಪದ್ಧತಿಯ ಹಿಂದೆ ವಿಜ್ಞಾನ ಒಪ್ಪುವ ಕಾರಣಗಳಿವೆಯೇ, ಇದ್ದರೆ ಅದರಲ್ಲಿ ಯಾವುದನ್ನು ಉಳಿಸಿಕೊಂಡು ಯಾವುದನ್ನು ಬದಲಿಸಬಹುದು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಮಣ್ಣು ವಿಜ್ಞಾನದ ಅಧ್ಯಾಪಕಿ, ಬೆಂಗಳೂರು

ನಿಮ್ಮ ತಂದೆಯವರ ಪದ್ಧತಿ ಬಹಳ ಹಳೆಯದು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ರಾಗಿಯ ನಡುವೆ ಅವರೆ, ತೊಗರಿ ಸಾಲು ಬಿಡುವುದನ್ನು ಕಂಡು ದಾಖಲಿಸಿದ್ದಾನೆ. ಆದರೆ ಹಳೆಯದು ಎಂಬ ಒಂದೇ ಕಾರಣಕ್ಕೆ ಯಾವುದೂ ಸರಿಯಾಗುವುದಿಲ್ಲವಾದ್ದರಿಂದ, ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನೇ ನೋಡೋಣ.

ಮೊದಲನೆಯ ಕಾರಣ ಕಾಲದ್ದು. ರಾಗಿ ಮೂರೂವರೆ ನಾಲ್ಕು ತಿಂಗಳಲ್ಲಿ ಮುಗಿಯುವ ಬೆಳೆ. ನಾಟಿ ಅವರೆ ಹಗಲು ಕಿರಿದಾಗುವವರೆಗೆ ಹೂ ಬಿಡುವುದಿಲ್ಲ. ರಾಗಿ ತೆನೆ ಕಟ್ಟುವ ದಿನಗಳಲ್ಲಿ ಅದು ಸುಮ್ಮನೆ ಕೆಳಗೆ ಹಬ್ಬಿಕೊಂಡಿದ್ದು, ರಾಗಿ ಕೊಯ್ದು ಹೊಲ ತೆರವಾದ ಮೇಲೆ ಉಳಿದ ತೇವ ಮತ್ತು ಇಬ್ಬನಿಯಲ್ಲಿ ಚೇತರಿಸಿಕೊಂಡು ಕಾಯಿ ಕೊಡುತ್ತದೆ. ಎರಡೂ ಬೆಳೆಗಳ ಹಸಿವು ಒಂದೇ ಹೊತ್ತಿಗೆ ಕೆರಳುವುದಿಲ್ಲ. ಇದನ್ನು ತಿಳಿಯದೆ ಅಕ್ಕಡಿಗೆ ಹೊಸ ತಳಿ ಹಾಕಿದವರಿಗೆ ನಿರಾಸೆಯಾಗುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ಹೆಬ್ಬಾಳ ಅವರೆ-4 ವರ್ಷದ ಯಾವ ಕಾಲದಲ್ಲಾದರೂ ಬೇಗ ಹೂ ಬಿಡುವ ಒಳ್ಳೆಯ ತಳಿಯೇ, ಆದರೆ ಅದು ಒಂಟಿ ಬೆಳೆಗೆ ತಕ್ಕದ್ದು. ರಾಗಿಯ ನೆರಳಿನಲ್ಲಿ ಹೂ ಬಿಡಬೇಕಾಗಿ ಬಂದರೆ ಅದೂ ಸೊರಗುತ್ತದೆ, ಪಕ್ಕದ ರಾಗಿಯೂ ಸೊರಗುತ್ತದೆ. ಅಕ್ಕಡಿಗೆ ನಿಮ್ಮ ಮನೆಯ ನಾಟಿ ಅವರೆಯನ್ನೇ ಉಳಿಸಿಕೊಳ್ಳಿ.

ಎರಡನೆಯದು ಬೇರಿನ ಆಳ. ರಾಗಿಯ ಬೇರು ಮೇಲ್ಮಣ್ಣಿನಲ್ಲೇ ಹರಡಿದರೆ ತೊಗರಿಯದು ಕೆಳಕ್ಕಿಳಿಯುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದವರೂ ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದವರೂ ಕೂಡಿ ಈ ಜೋಡಿಯ ಮೇಲೆ ಸಂಶೋಧನೆ ನಡೆಸಿದ್ದಾರೆ. ತೊಗರಿಯ ಬೇರು ಆಳದ ನೀರನ್ನು ರಾತ್ರಿ ಮೇಲಿನ ಒಣ ಪದರಕ್ಕೆ ಒಸರುತ್ತದೆ, ಬೇರುಗಳನ್ನು ಹೆಣೆಯುವ ಮೈಕೊರೈಜಾ ಶಿಲೀಂಧ್ರದ ಎಳೆಗಳೂ ಅದನ್ನು ರಾಗಿಗೆ ತಲುಪಿಸಲು ನೆರವಾಗುತ್ತವೆ ಎಂಬುದು ಕುಂಡಗಳ ಪ್ರಯೋಗದಲ್ಲಿ ಕಂಡುಬಂದಿದೆ. ಬರದ ಹೊತ್ತಿನಲ್ಲಿ ತೊಗರಿಯ ಪಕ್ಕದ ರಾಗಿ ಜೀವ ಹಿಡಿದುಕೊಂಡಿತು. ಆದರೆ ಅದೇ ಪ್ರಯೋಗಗಳು ಇನ್ನೊಂದನ್ನೂ ತೋರಿಸಿವೆ: ತೇವ ಚೆನ್ನಾಗಿದ್ದಾಗ ತೊಗರಿ ರಾಗಿಯೊಂದಿಗೆ ಪೈಪೋಟಿ ನಡೆಸುತ್ತದೆ, ರಾಗಿಯ ಬೆಳವಣಿಗೆ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಆದ್ದರಿಂದ ಅಕ್ಕಡಿಯನ್ನು ಇಳುವರಿ ಹೆಚ್ಚಿಸುವ ಉಪಾಯವೆಂದು ಎಣಿಸಬಾರದು. ಕೆಟ್ಟ ವರ್ಷದಲ್ಲಿ ಹೊಲವನ್ನು ಬರಿದಾಗಲು ಬಿಡದ ಏರ್ಪಾಡೆಂದು ಎಣಿಸಬೇಕು. ಹೀಗೆ ನೋಡಿದರೆ ಎಷ್ಟು ಸಾಲಿಗೆ ಎಷ್ಟು ಅಕ್ಕಡಿ ಎಂಬುದು ಮುಖ್ಯವಾಗುತ್ತದೆ. ಒಣಬೇಸಾಯ ಕೇಂದ್ರದ ಶಿಫಾರಸು 8 ಸಾಲು ರಾಗಿಗೆ 2 ಸಾಲು ತೊಗರಿ. ನಿಮ್ಮ ತಂದೆಯವರು ಎಷ್ಟಕ್ಕೆ ಎಷ್ಟು ಬಿಡುತ್ತಾರೆ ಎಂದು ಈ ಸಲ ಎಣಿಸಿ ನೋಡಿ, ವ್ಯತ್ಯಾಸ ಬಹಳವಿರಲಿಕ್ಕಿಲ್ಲ.

ಇನ್ನು ಗೊಬ್ಬರ. ಇಲ್ಲಿ ಹಿರಿಯರ ಪದ್ಧತಿ ಮಾತ್ರ ಸಾಲದು ಎಂದು ನೇರವಾಗಿಯೇ ಹೇಳಬೇಕಾಗಿದೆ. ಹಿಂದೆ ಮನೆಗೆ ಹತ್ತಾರು ದನಗಳಿದ್ದವು, ಕುರಿಮಂದೆ ಹೊಲದಲ್ಲಿ ತಂಗುತ್ತಿತ್ತು, ಬೇಸಿಗೆಯಲ್ಲಿ ಕೆರೆಯ ಗೋಡು (ಹೂಳು) ಹೊಡೆಸುತ್ತಿದ್ದರು. ಈಗ ತಿಪ್ಪೆಯೇ ಚಿಕ್ಕದಾಗಿರುವಾಗ, ಧಾನ್ಯದ ರೂಪದಲ್ಲಿ ಹೊಲದಿಂದ ಹೊರಗೆ ಹೋಗುವ ಪೋಷಕಾಂಶವೆಲ್ಲ ಅದರಿಂದಲೇ ಹಿಂದಿರುಗೀತೆಂದು ನಂಬುವಂತಿಲ್ಲ. ಸತು, ಬೋರಾನ್ ಕೊರತೆ ನಿಮ್ಮ ಹೊಲವೊಂದರದ್ದಲ್ಲ. 2009ರಲ್ಲಿ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಒಣಭೂಮಿ ಬೆಳೆ ಸಂಶೋಧನಾ ಸಂಸ್ಥೆಯ ನೆರವಿನಿಂದ ಆರಂಭವಾದ ಭೂಚೇತನ ಯೋಜನೆಯಲ್ಲಿ ರಾಜ್ಯದ ಖುಷ್ಕಿ ಭೂಮಿಯ ಮಣ್ಣು ಪರೀಕ್ಷಿಸಿದಾಗ ಗಂಧಕವೂ ಸೇರಿದಂತೆ ಈ ಕೊರತೆ ವ್ಯಾಪಕವಾಗಿ ಕಂಡುಬಂತು. ಇದು ಕಣ್ಣಿಗೆ ಕಾಣುವ ಕೊರತೆಯಲ್ಲವಾದ್ದರಿಂದ ಅನುಭವ ಎಷ್ಟೇ ಆಳವಾಗಿದ್ದರೂ ಪರೀಕ್ಷೆ ಬೇಕಾಗುತ್ತದೆ.

ಹಾಗೆಂದು ಚೀಲದ ಗೊಬ್ಬರ ಒಂದನ್ನೇ ನೆಚ್ಚಿಕೊಳ್ಳುವುದೂ ತಪ್ಪು. ಜಿಕೆವಿಕೆಯ ಒಣಬೇಸಾಯ ತಾಕುಗಳಲ್ಲಿ 1978ರಿಂದ ರಾಗಿಯ ಮೇಲೆ ದೀರ್ಘಾವಧಿಯ ಪ್ರಯೋಗ ನಡೆದಿದೆ. ಹೆಕ್ಟೇರಿಗೆ 10 ಟನ್, ಅಂದರೆ ಎಕರೆಗೆ ಸುಮಾರು 4 ಟನ್ ಕೊಟ್ಟಿಗೆ ಗೊಬ್ಬರದ ಜೊತೆ ಶಿಫಾರಸಿನ ರಸಗೊಬ್ಬರ ಕೊಟ್ಟ ತಾಕುಗಳೇ ಹೆಚ್ಚಿನ ಇಳುವರಿಯನ್ನೂ ವರ್ಷದಿಂದ ವರ್ಷಕ್ಕೆ ಸ್ಥಿರತೆಯನ್ನೂ ತೋರಿಸಿದವು. ರಸಗೊಬ್ಬರ ಮಾತ್ರ ಕಂಡ ತಾಕುಗಳ ಇಳುವರಿ ಕಾಲಕ್ರಮೇಣ ಕುಸಿಯಿತು. ಸಗಣಿ, ಗಂಜಲ ಕಲಸಿ ಹುದುಗಿಸುವ ಜೀವಾಮೃತದ ಬಗ್ಗೆಯೂ ಯಾರಾದರೂ ಕೇಳಬಹುದು. ಎಕರೆಗೆ 200 ಲೀಟರ್ ಜೀವಾಮೃತಕ್ಕೆ ಬೀಳುವುದು 10 ಕಿಲೋ ಸಗಣಿ. ಅದರಿಂದ ಮಣ್ಣಿನ ಜೀವಾಣುಗಳಿಗೆ ಚಾಲನೆ ಸಿಗಬಹುದು, ಆದರೆ 4 ಟನ್ ಗೊಬ್ಬರದ ಜಾಗವನ್ನು ಅದು ತುಂಬಲಾರದು.

ಉತ್ತರ: ಹಾವೇರಿ ಜಿಲ್ಲೆಯ ಕೃಷಿಕ

ಮೇಡಂ ಅವರು ವಿವರವಾಗಿ ಬರೆದಿದ್ದಾರೆ. ನಮ್ಮ ಭಾಗದ ಗುಳಿ ರಾಗಿಯ ವಿಷಯವನ್ನು ಇಲ್ಲಿ ಸೇರಿಸುವುದು ಒಳ್ಳೆಯದೆಂದು ಬರೆಯುತ್ತಿದ್ದೇನೆ, ಏಕೆಂದರೆ ರೈತರು ಕಂಡುಕೊಂಡದ್ದಕ್ಕೆ ವಿಜ್ಞಾನದ ಕಾರಣ ಆಮೇಲೆ ತಿಳಿದ ಉದಾಹರಣೆ ಅದು.

ಹೊಲವನ್ನು ಉದ್ದಕ್ಕೂ ಅಡ್ಡಕ್ಕೂ ಒಂದೂವರೆ ಅಡಿ ಅಂತರದಲ್ಲಿ ಗೆರೆ ಹೊಡೆದು, ಗೆರೆ ಕೂಡುವಲ್ಲಿ ಒಂದು ಹಿಡಿ ಗೊಬ್ಬರ ಹಾಕಿ, ಮೂರು ವಾರದಷ್ಟು ಎಳೆಯ ಎರಡೆರಡು ಸಸಿ ನೆಡುತ್ತೇವೆ. ಸಸಿ ಬೇರೂರಿದ ಮೇಲೆ ಎತ್ತು ಕಟ್ಟಿ ಅದರ ಮೇಲೆ ಕೊರಡು ಹಾಯಿಸುತ್ತೇವೆ. ಕೊರಡೆಂದರೆ ಒಂದು ಮರದ ದಿಮ್ಮಿ. ಅದು ಹಾಯ್ದು ಹೋದಾಗ ಸಸಿಗಳೆಲ್ಲ ನೆಲಕ್ಕೆ ಮಲಗುತ್ತವೆ. ಹೊಸಬರು ನೋಡಿದರೆ ಬೆಳೆ ಹಾಳಾಯಿತೆಂದು ಗಾಬರಿಯಾಗುವುದು ಸಹಜ. ಮೂರ್ನಾಲ್ಕು ದಿನಕ್ಕೆ ಸಸಿ ಎದ್ದು ನಿಲ್ಲುತ್ತದೆ, ಬುಡದಿಂದ ಹೊಸ ತೆಂಡೆ (ಮರಿ ಕಾಂಡ) ಒಡೆಯುತ್ತದೆ. ಸುಳಿಯ ಬೆಳವಣಿಗೆಗೆ ತಡೆಯಾದಾಗ ಬುಡದ ಮೊಗ್ಗುಗಳ ಮೇಲಿನ ಅದರ ಹಿಡಿತ ಸಡಿಲಗೊಂಡು ಅವು ಚಿಗುರುತ್ತವೆ ಎಂದು ಸಸ್ಯಶಾಸ್ತ್ರ ತಿಳಿದವರು ವಿವರಿಸುತ್ತಾರೆ. ಕಾಂಡ ಎಳೆಯದಾಗಿರುವಾಗಲೇ, ಅಂದರೆ ನಟ್ಟು ಒಂದೂವರೆ ತಿಂಗಳು ದಾಟುವುದರೊಳಗೆ ಕೊರಡು ಮುಗಿಸಬೇಕು. ಗಿಣ್ಣು ಕಟ್ಟಿದ ಮೇಲೆ ಹಾಯಿಸಿದರೆ ಕಾಂಡ ಮುರಿಯುತ್ತದೆ. ಉದ್ದ ಅಡ್ಡ ಎರಡೂ ಕಡೆ ಸಾಲಿನ ನಡುವಿನ ಕಳೆ ತೆಗೆಯುವ ಎಡೆಕುಂಟೆ ಹೊಡೆಯಲು ಬರುವುದರಿಂದ ಕಳೆಯ ಖರ್ಚೂ ಇಳಿಯುತ್ತದೆ.

ಆದರೆ ಇದನ್ನು ಹಾಗೆಯೇ ನಿಮ್ಮ ಹೊಲಕ್ಕೆ ಒಯ್ಯಲು ಬಾರದು. ಸಸಿ ನೆಡುವ ವಾರದಲ್ಲಿ ಮಳೆ ಕೈಕೊಟ್ಟರೆ ನೆಟ್ಟದ್ದು ಒಣಗುತ್ತದೆ, ಆಳಿನ ಖರ್ಚೂ ಹೆಚ್ಚು. ನೀರಿನ ಆಸರೆ ಇಲ್ಲದ ಮೂರು ಎಕರೆಗೆ ಕೂರಿಗೆ ಬಿತ್ತನೆಯೇ ಸುರಕ್ಷಿತ. ಮನಸ್ಸಿದ್ದರೆ ಮನೆಯ ಹತ್ತಿರದ ನಾಲ್ಕೈದು ಗುಂಟೆಯಲ್ಲಿ, ಕೊಡದಲ್ಲಿ ನೀರು ಹಾಕಲು ಸಾಧ್ಯವಿರುವಷ್ಟು ಜಾಗದಲ್ಲಿ ಮಾಡಿ ನೋಡಬಹುದು.

ಉತ್ತರ: ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ

ನಮ್ಮದು ರಾಗಿಯ ಸೀಮೆಯಲ್ಲವಾದರೂ ಕೇಳಿದ ಪ್ರಶ್ನೆ ನಮ್ಮ ತೋಟಗಳಿಗೂ ಸಂಬಂಧಿಸಿದ್ದು. ಅಡಿಕೆಯ ಕೊಳೆರೋಗಕ್ಕೆ ನಮ್ಮ ಹಿರಿಯರು ಮಳೆಗಾಲಕ್ಕೆ ಮುಂಚೆ ಗೊನೆಗಳಿಗೆ ಕೊಟ್ಟೆ (ಮಳೆ ತಡೆಯುವ ಹೊದಿಕೆ) ಕಟ್ಟುತ್ತಿದ್ದರು. ಗೊನೆಗೆ ಮಳೆಹನಿ ತಾಗದಿದ್ದರೆ ಕೊಳೆ ಬಾರದು ಎಂಬುದು ಅವರಿಗೆ ತಿಳಿದಿತ್ತು. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ತೋಟಗಳಲ್ಲೇ ಈ ರೋಗವನ್ನು ಅಧ್ಯಯನ ಮಾಡಿ, ಇದಕ್ಕೆ ಫೈಟಾಪ್ತೊರಾ ಎಂಬ ಶಿಲೀಂಧ್ರದಂತಹ ಸೂಕ್ಷ್ಮಜೀವಿ ಕಾರಣವೆಂದು ತೋರಿಸಿ, ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಹನಿಯೊಂದಿಗೆ ಹರಡುವ ರೋಗ ಎಂಬ ಹಿರಿಯರ ಗ್ರಹಿಕೆ ಸುಳ್ಳಾಗಲಿಲ್ಲ. ಅದೇ ತಿಳಿವಳಿಕೆಗೆ ಕಾರಣ ಸಿಕ್ಕಿದ್ದರಿಂದ, ಪ್ರತಿ ಗೊನೆಗೂ ಕೊಟ್ಟೆ ಕಟ್ಟುವ ಶ್ರಮದ ಬದಲು ಇನ್ನೊಂದು ದಾರಿ ತೆರೆಯಿತು, ಅಷ್ಟೇ.

ಆ ದ್ರಾವಣವನ್ನು ನಮ್ಮ ಕೆಲಸದವರು ತಮ್ಮದಾಗಿಸಿಕೊಂಡ ರೀತಿಯನ್ನೂ ನೋಡಬೇಕು. 1 ಕಿಲೋ ಮೈಲುತುತ್ತನ್ನು ಒಂದು ಪಾತ್ರೆಯಲ್ಲಿ, 1 ಕಿಲೋ ಸುಣ್ಣವನ್ನು ಇನ್ನೊಂದರಲ್ಲಿ ಕರಗಿಸಿ 100 ಲೀಟರಿಗೆ ಕೂಡಿಸಿದ ಮೇಲೆ, ಚೆನ್ನಾಗಿ ಉಜ್ಜಿದ ಕತ್ತಿಯ ಅಲಗನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದುತ್ತಾರೆ. ಅಲಗಿಗೆ ಕೆಂಪು ಬಣ್ಣ ಹತ್ತಿದರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ ಎಂದರ್ಥ. ಕೆಂಪು ಹತ್ತುವುದು ನಿಲ್ಲುವವರೆಗೆ ಸುಣ್ಣದ ತಿಳಿ ಸೇರಿಸುತ್ತಾರೆ. ಶುದ್ಧ ರಸಾಯನಶಾಸ್ತ್ರದ ಪರೀಕ್ಷೆಯೊಂದನ್ನು ಶಾಲೆಗೆ ಹೋಗದವರು ತಪ್ಪಿಲ್ಲದೆ ಮಾಡುತ್ತಾರೆ. ನಿಮ್ಮ ತಂದೆಯವರಿಗೆ ವರದಿಯ ಅಂಕಿಗಳನ್ನು ಓದಿ ಹೇಳುವುದಕ್ಕಿಂತ, ಹೀಗೆ ಅವರ ಕೈಗೇ ಒಂದು ಪರೀಕ್ಷೆಯನ್ನು ಕೊಟ್ಟರೆ ಮಾತು ಮುಂದುವರಿಯುತ್ತದೆಂದು ನನ್ನ ಅನಿಸಿಕೆ.

ಪ್ರತಿಕ್ರಿಯೆ: ಗುಬ್ಬಿ ತಾಲ್ಲೂಕಿನ ಕೃಷಿಕ

ಎಲ್ಲರಿಗೂ ಕೃತಜ್ಞತೆಗಳು. ಅವರೆಯ ವಿಷಯವನ್ನು ತಂದೆಯವರಿಗೆ ಓದಿ ಹೇಳಿದೆ. ಹೆಬ್ಬಾಳದ ಅವರೆ ಅಕ್ಕಡಿಗೆ ಆಗದು ಎಂಬುದು ಅವರಿಗೆ ಮೊದಲೇ ಗೊತ್ತಿತ್ತಂತೆ, ಕಾರಣ ಮಾತ್ರ ಈಗ ತಿಳಿಯಿತು ಎಂದರು. ಸತು ಮತ್ತು ಬೋರಾನ್ ಹಾಕಲು ಒಪ್ಪಿದ್ದಾರೆ.

ಎರಡು ವಿಷಯ ಉಳಿದಿವೆ. ಆರಿದ್ರಾ ಮಳೆ ಬಿದ್ದರೆ ಬಿತ್ತಲೇಬೇಕೆಂದು ಅವರು ಹೇಳುತ್ತಾರೆ, ಕಾಯಬೇಕೆಂದು ಮುನ್ಸೂಚನೆ ಹೇಳಿದರೆ ಯಾರ ಮಾತು ಕೇಳಬೇಕು? ಮತ್ತು ಅಕ್ಕಡಿ ಲಾಭವೋ ಒಂಟಿ ಬೆಳೆ ಲಾಭವೋ ಎಂಬುದನ್ನು ನಮ್ಮ ಹೊಲದಲ್ಲೇ ನಂಬುವಂತೆ ಅಳೆಯುವುದು ಹೇಗೆ? ಅಕ್ಕಡಿ ಇದ್ದರೆ ಕಟಾವಿನ ಯಂತ್ರ ಬರುವುದಿಲ್ಲ, ಆಳಿನ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಉತ್ತರ: ನಿವೃತ್ತ ಕೃಷಿ ವಿಸ್ತರಣಾ ಸಿಬ್ಬಂದಿ, ಮಂಡ್ಯ

ಮಳೆ ನಕ್ಷತ್ರದ ವಿಷಯ ಮೊದಲು. ಸೂರ್ಯನ ಸ್ಥಾನವನ್ನು ಆಧರಿಸಿದ, ಹದಿಮೂರು ಹದಿನಾಲ್ಕು ದಿನಗಳ ಈ ವಿಭಾಗಗಳು ಹಿಂದಿನವರ ಬೇಸಾಯದ ಕ್ಯಾಲೆಂಡರು. ಯಾವ ಹದಿನೈದು ದಿನಗಳಲ್ಲಿ ಸಾಮಾನ್ಯವಾಗಿ ಎಷ್ಟು ಮಳೆಯಾಗುತ್ತದೆ ಎಂಬ ತಲೆಮಾರುಗಳ ಸರಾಸರಿ ಅದರಲ್ಲಿ ಅಡಗಿದೆ. ನಿಮ್ಮ ಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಳೆ ಹೆಚ್ಚು. ಜುಲೈನಲ್ಲಿ ಬಿತ್ತಿದ ರಾಗಿ ಹೂ ಬಿಟ್ಟು ಕಾಳು ಕಟ್ಟುವ ಹೊತ್ತಿಗೆ ಸರಿಯಾಗಿ ಆ ಮಳೆ ಒದಗುತ್ತದೆ. ಆರಿದ್ರಾ, ಪುನರ್ವಸು, ಪುಷ್ಯದ ಬಿತ್ತನೆಯ ಮರ್ಮ ಇದು. ಆದರೆ ಸರಾಸರಿಯಿಂದ ಈ ವರ್ಷದ, ಈ ವಾರದ ಮಳೆ ತಿಳಿಯುವುದಿಲ್ಲ. ಅದಕ್ಕೆ ಹವಾಮಾನ ಇಲಾಖೆಯ ಕೃಷಿ ಸಲಹೆ ಮಂಗಳವಾರ ಮತ್ತು ಶುಕ್ರವಾರ ಹೊರಬರುತ್ತದೆ, 2019ರಿಂದ ಮೇಘದೂತ್ ಆ್ಯಪ್‌ನಲ್ಲಿಯೂ ಸಿಗುತ್ತದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕಗಳನ್ನಿಟ್ಟು ಅಳತೆ ತೆಗೆಯುತ್ತದೆ.

ಹೀಗಾಗಿ ಇಬ್ಬರ ಮಾತನ್ನೂ ಕೇಳಿ, ಆದರೆ ಬೇರೆ ಬೇರೆ ನಿರ್ಧಾರಕ್ಕೆ. ಯಾವ ತಿಂಗಳಿಗೆ ಯಾವ ತಳಿ ಎಂಬುದನ್ನು ತಂದೆಯವರ ನಕ್ಷತ್ರದ ಲೆಕ್ಕಕ್ಕೆ ಬಿಡಿ: ಬೇಗ ಹದವಾದರೆ ಎಂಆರ್-1, ಎಂಆರ್-6ರಂತಹ ದೀರ್ಘಾವಧಿ ತಳಿ, ಜುಲೈ ಕೊನೆಗೆ ಬಂದರೆ ಜಿಪಿಯು-28, ಇನ್ನೂ ತಡವಾದರೆ ಅಲ್ಪಾವಧಿಯದು. ಆ ಅವಧಿಯೊಳಗೆ ಯಾವ ದಿನ ಕೂರಿಗೆ ಕಟ್ಟಬೇಕೆಂಬುದನ್ನು ಮಣ್ಣಿನ ಹದ ಮತ್ತು ಮುನ್ಸೂಚನೆ ನೋಡಿ ನಿರ್ಧರಿಸಿ. ಬಿತ್ತನೆಗೆ ಮುಂಚೆ ಬೀಜವನ್ನು ಕಿಲೋಗೆ ಒಂದು ಲೀಟರ್ ನೀರಿನಲ್ಲಿ ಆರು ಗಂಟೆ ನೆನೆಸಿ, ಎರಡು ದಿನ ಒದ್ದೆ ಗೋಣಿಯಲ್ಲಿ ಕಟ್ಟಿಟ್ಟು, ಮತ್ತೆ ನೆರಳಲ್ಲಿ ಒಣಗಿಸಿಕೊಂಡರೆ ಆರಂಭದ ಒಣ ಹವೆಯನ್ನು ಸಸಿ ಹೆಚ್ಚು ತಾಳುತ್ತದೆ. ಒಂದು ಮಾತು ತಂದೆಯವರಿಗೆ ಕುತೂಹಲಕರವಾಗಬಹುದು: ಭೂಮಿಯ ಅಕ್ಷದ ನಿಧಾನ ಚಲನೆಯಿಂದಾಗಿ ಮಳೆ ನಕ್ಷತ್ರಗಳು ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಋತುವಿಗಿಂತ ಹಿಂದೆ ಬೀಳುತ್ತಿವೆ. ಬುಕಾನನ್ ಬಂದಾಗಿನ ಆರಿದ್ರಾಕ್ಕೂ ಈಗಿನದಕ್ಕೂ ಮೂರು ದಿನದ ವ್ಯತ್ಯಾಸವಿದೆ.

ತಳಿಯ ಬಗ್ಗೆ ಹಿಂಜರಿಕೆ ಬೇಡ. ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ಇಲ್ಲಿನ ರಾಗಿಯೊಂದಿಗೆ ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಅವುಗಳನ್ನು ನಾಡಿನುದ್ದಕ್ಕೂ ಒಪ್ಪಿಕೊಂಡವರು ಅಕ್ಕಡಿ ಬಿಡುತ್ತಿದ್ದ ರೈತರೇ. ಜಿಪಿಯು-28 ಬೆಂಕಿ ರೋಗವನ್ನೂ ತೆನೆಯ ಕುತ್ತಿಗೆಗೆ ತಗಲುವ ಇಲುಕನ್ನೂ ತಡೆಯುವ ತಳಿ. ಅದು ಕೂರಿಗೆಯಲ್ಲೂ ಸಲ್ಲುತ್ತದೆ, ಅಕ್ಕಡಿಯ ಜೊತೆಗೂ ಸಲ್ಲುತ್ತದೆ. ಹೊಸ ತಳಿ ಬೇಕೆಂದರೆ ಒಂಟಿ ಬೆಳೆಯೇ ಆಗಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಎಚ್ಚರ ಬೇಕಾದದ್ದು ಕಳೆನಾಶಕದ ವಿಷಯದಲ್ಲಿ. ರಾಗಿಯಲ್ಲಿ ಅಗಲ ಎಲೆಯ ಕಳೆಗೆ ಹೇಳುವ 2,4-ಡಿ ಸಿಂಪಡಿಸಿದರೆ ನಿಮ್ಮ ಅವರೆ, ತೊಗರಿಯೂ ಸಾಯುತ್ತವೆ. ಅಕ್ಕಡಿ ಇರುವ ಹೊಲಕ್ಕೆ ಕುಂಟೆ ಮತ್ತು ಕೈಗಳೆಯೇ ಗತಿ.

ಅಳೆಯುವ ಕೆಲಸ ಕಷ್ಟದ್ದಲ್ಲ. ಹೊಲದ ಒಂದೇ ಬಗೆಯ ಮಣ್ಣಿರುವ ಕಡೆ, ಇಳಿಜಾರಿಗೆ ಅಡ್ಡವಾಗಿ ಅಲ್ಲ, ಇಳಿಜಾರಿನ ಉದ್ದಕ್ಕೆ ಸಮ ಅಗಲದ ಪಟ್ಟಿಗಳನ್ನು ಗುರುತಿಸಿಕೊಳ್ಳಿ. ಮೇಲಿನ ಒಣ ಮಣ್ಣೂ ಕೆಳಗಿನ ತೇವದ ಮಣ್ಣೂ ಪ್ರತಿ ಪಟ್ಟಿಗೂ ಸಮವಾಗಿ ಸಿಗುವಂತಿರಬೇಕು. ಪಟ್ಟಿಗಳನ್ನು ಇಳಿಜಾರಿನ ಉದ್ದಕ್ಕೆ ಗುರುತಿಸಿದರೂ ಬಿತ್ತನೆಯ ಸಾಲನ್ನು ಮಾತ್ರ ಎಂದಿನಂತೆ ಅಡ್ಡಕ್ಕೇ ಹೊಡೆಯಿರಿ, ಇಲ್ಲದಿದ್ದರೆ ಮಣ್ಣು ಕೊಚ್ಚಿಹೋಗುತ್ತದೆ. ಒಂದು ಪಟ್ಟಿ ಒಂಟಿ ರಾಗಿ, ಪಕ್ಕದ್ದು ಅಕ್ಕಡಿ, ಇನ್ನೊಂದು ಒಂಟಿ ತೊಗರಿ. ಇದನ್ನೇ ಹೊಲದ ಬೇರೆ ಎರಡು ಕಡೆ ಮತ್ತೆ ಮಾಡಿ. ಗೊಬ್ಬರ, ಬಿತ್ತನೆಯ ದಿನ, ತಳಿ ಎಲ್ಲದರಲ್ಲೂ ಒಂದೇ ಇರಲಿ.

ಲೆಕ್ಕ ಹೀಗೆ. ಉದಾಹರಣೆಗೆ ಎಕರೆಗೆ ಒಂಟಿ ರಾಗಿ 8 ಕ್ವಿಂಟಲ್ ಬಂದು ಅಕ್ಕಡಿಯಲ್ಲಿ ರಾಗಿ 6 ಬಂದರೆ ಅದು ಒಂಟಿ ಬೆಳೆಯ 0.75 ಪಾಲು; ಒಂಟಿ ತೊಗರಿ 4 ಬಂದು ಅಕ್ಕಡಿಯಲ್ಲಿ 1.6 ಬಂದರೆ ಅದು 0.4. ಎರಡನ್ನೂ ಕೂಡಿದರೆ 1.15. ಮೊತ್ತ ಒಂದಕ್ಕಿಂತ ಹೆಚ್ಚಿದ್ದರೆ ಅಷ್ಟೇ ಬೆಳೆಯನ್ನು ಬೇರೆ ಬೇರೆಯಾಗಿ ತೆಗೆಯಲು ಹೆಚ್ಚು ಭೂಮಿ ಬೇಕಾಗುತ್ತಿತ್ತು ಎಂದರ್ಥ. ಆಮೇಲೆ ಹಣದ ಲೆಕ್ಕ ಬೇರೆ ಮಾಡಿ. ಕೂಲಿಯನ್ನೂ ಯಂತ್ರದ ಬಾಡಿಗೆಯನ್ನೂ ಬರೆದಿಡಿ. ಹಸಿ ಅವರೆಕಾಯಿ ಮನೆಗೆ ಬಳಸಿದ್ದು, ಅಲಸಂದೆ, ಹುಚ್ಚೆಳ್ಳು, ರಾಗಿ ಹುಲ್ಲು, ತೊಗರಿ ಹೊಟ್ಟು ಇವೆಲ್ಲ ಸಾಮಾನ್ಯವಾಗಿ ಲೆಕ್ಕದಿಂದ ಬಿಟ್ಟುಹೋಗುತ್ತವೆ, ಅವುಗಳನ್ನೂ ತೂಗಿ ಬರೆಯಬೇಕು. ಒಂದು ವರ್ಷದ ಫಲಿತಾಂಶದ ಮೇಲೆ ತೀರ್ಮಾನಕ್ಕೆ ಬರಬೇಡಿ. ಒಳ್ಳೆಯ ಮಳೆಯ ವರ್ಷ ಒಂಟಿ ರಾಗಿ ಗೆದ್ದರೂ ಗೆಲ್ಲಬಹುದು. ಮಳೆ ಕೈಕೊಟ್ಟ ವರ್ಷದ ತೂಕವೂ ನಿಮ್ಮ ಪುಸ್ತಕದಲ್ಲಿ ಸೇರಿದ ಮೇಲೆ ತಂದೆ ಮಗ ಕೂತು ಮಾತಾಡಿ.

ಅಕ್ಕಡಿ ಪಟ್ಟಿಯ ತೊಗರಿ, ಅವರೆಯಲ್ಲಿ ಒಳ್ಳೆಯ ಗಿಡಗಳನ್ನು ಬೀಜಕ್ಕೆಂದು ಮೊದಲೇ ಗುರುತಿಸಿಡಿ. ಆ ಬೀಜಕ್ಕೆ ನಿಮ್ಮ ಮನೆಯಲ್ಲಿ ಮಾಡುವಂತೆ ಕೆಮ್ಮಣ್ಣು ಕಟ್ಟಿ ಒಣಗಿಸಿಡುವುದನ್ನು ಬಿಡಬೇಡಿ. ಕಾಳಿನ ಮೈಮೇಲೆ ಕೆಮ್ಮಣ್ಣಿನ ಪದರವಿದ್ದರೆ ಹುಳು ಮೊಟ್ಟೆಯಿಡುವುದು ಕಡಿಮೆಯಾಗುತ್ತದೆ. ಬಿತ್ತುವ ಮುಂಚೆ ಮಣ್ಣನ್ನು ತೊಳೆದು, ಅದೇ ದಿನ ರೈಜೋಬಿಯಂ ಎಂಬ ಜೀವಾಣು ಗೊಬ್ಬರ ಲೇಪಿಸಿ, ನೆರಳಿನಲ್ಲಿ ಆರಿಸಿ ಸಡ್ಡೆಗೆ ಬಿಡಿ.